ಟ್ಯಾಂಕ್ ಫುಲ್, ಕಾಕು ಹೊರಗೆ

ನಮ್ಮ ಶಂಕ್ರಪ್ಪ ಕಾಕಾ ಹೋದ ವಾರ ಮುಧೋಳದ ಹತ್ತಿರ ಪೆಟ್ರೋಲ್ ಪಂಪೊಂದರಿಂದ ಪರಸ್ತ್ರೀಯೊಬ್ಬರನ್ನು ಅಪಹರಿಸಿಕೊಂಡು ಹೋದರು.

ಗಾಬರಿಯಾಗಬೇಡಿ. ಅಪಹರಿಸಿದ್ದು ಅವರಿಗೇ ಗೊತ್ತಿರಲಿಲ್ಲ. ಗೊತ್ತಾದಾಗ ಆ ಹೆಣ್ಣುಮಗಳಿಗಿಂತ ಕಾಕಾನೇ ಜೋರಾಗಿ ಚೀರಿದರಂತೆ.

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ. ಕಾಕಾ ನನ್ನ ಅಪ್ಪನ ತಮ್ಮ, ಬನಹಟ್ಟಿಯವರು. ಮನೆಯ ಮಗ್ಗದಲ್ಲಿ ನೇಯ್ದ ಸೀರೆಗಳನ್ನು ಟೆಂಪೋದಲ್ಲಿ ಹೇರಿಕೊಂಡು ಸೊಲ್ಲಾಪುರ, ನಾಂದೇಡ, ಹೈದರಾಬಾದ್ ಅಂತ ಜೀವಮಾನವಿಡೀ ತಿರುಗಿದವರು. ಅವರ ಹೆಂಡತಿ ಸುವರ್ಣಾ ಕಾಕು ಮಾತ್ರ ತಿರುಗಿದ್ದು ಬನಹಟ್ಟಿಯಿಂದ ಜಮಖಂಡಿಯ ನಮ್ಮ ಮನೆಯ ತನಕ. ಯಾಕೆ ಅಂತ ಕೇಳಿದರೆ ಅವರ ಉತ್ತರ ಸಿದ್ಧ: "ಲಾಡ್ಜಿನ ಬಾತ್‌ರೂಮ್ ನನಗ ಆಗಿ ಬರೂದಿಲ್ಲ. ಹೋಟೆಲ್ ಚಾ ಹೊಟ್ಟಿಗೆ ಹತ್ತೂದಿಲ್ಲ."

ಇದಕ್ಕೆ ಯಾರು ಏನು ವಾದ ಮಾಡುತ್ತಾರೆ?

ಕಾಕಾ ವಾದ ಮಾಡಲಿಲ್ಲ. ಮಗ್ಗಗಳನ್ನು ಮಗನಿಗೆ ಒಪ್ಪಿಸಿದ ಮೇಲೆ ಒಂದು ಹಳೇ ಬಸ್ಸು ಕೊಂಡರು. ಕೊಲ್ಹಾಪುರಕ್ಕೆ ಒಯ್ದು ಅದರೊಳಗೆ ಮಂಚ ಹಾಕಿಸಿದರು, ಅಡುಗೆ ಕಟ್ಟೆ ಕಟ್ಟಿಸಿದರು, ಗ್ಯಾಸ್ ಒಲೆ ಕೂರಿಸಿದರು. ಮೂಲೆಯಲ್ಲಿ ಫಳಫಳ ಟೈಲ್ಸಿನ ಬಾತ್‌ರೂಮು. ತಲೆಯ ಮೇಲೆ ಎ.ಸಿ. ಬಾಗಿಲ ಮೇಲೆ ಬಣ್ಣದಲ್ಲಿ 'ಸುವರ್ಣಾ ನಿಲಯ' ಅಂತ ಬರೆಸಿದರು. ಇಂಥದ್ದಕ್ಕೆ ದೊಡ್ಡವರು ಮೋಟರ್‌ಹೋಮ್ ಅನ್ನುತ್ತಾರೆ. ಬನಹಟ್ಟಿಯವರು ಒಂದೇ ದಿನದಲ್ಲಿ 'ಮನಿಗಾಡಿ' ಅಂತ ಹೆಸರಿಟ್ಟರು.

ಹೀಗೆ ಕಾಕುವಿನ ಎರಡೂ ನೆಪ ಮುಗಿದವು. ಮೊದಲ ಪ್ರವಾಸ ಬಾದಾಮಿಗೆ, ಅಲ್ಲಿಂದ ಮನಸ್ಸು ಬಂದ ಕಡೆಗೆ. ಜಮಖಂಡಿಯಲ್ಲಿ ನನ್ನನ್ನೂ ಹತ್ತಿಸಿಕೊಂಡರು. (ನಮ್ಮ ಮನೆಯವರಿಗೆ ರಜೆ ಸಿಗಲಿಲ್ಲ. ಸಿಕ್ಕಿದ್ದರೂ ಅವರು ಬರುತ್ತಿರಲಿಲ್ಲ, ಅದು ಬೇರೆ ಮಾತು.)

ಮುಧೋಳ ದಾಟಿ ಲೋಕಾಪುರದ ರಸ್ತೆಗೆ ಬಿದ್ದಾಗ ಡೀಸೆಲ್ ಮುಳ್ಳು ಕೆಳಗೆ ಮಲಗಿತ್ತು. ಪಂಪು ಕಂಡಿತು. ಕಬ್ಬಿನ ಹಂಗಾಮು ಬೇರೆ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಬ್ಬು. ಅದರ ಮೇಲೆ ಆಕಾಶದೆತ್ತರ ಟೇಪ್ ರೆಕಾರ್ಡರ್ ಹಾಡು. ಅವುಗಳ ಸಾಲಿನ ಬಾಲಕ್ಕೆ ನಮ್ಮ ಮನೆ ಹೋಗಿ ನಿಂತಿತು.

ಪಂಪಿನಲ್ಲಿ ನಡೆದುಕೊಳ್ಳುವ ರೀತಿ ನಮಗೆಲ್ಲ ಗೊತ್ತು. ಗೊತ್ತಿದ್ದೂ ಯಾರು ಪಾಲಿಸುತ್ತಾರೆ? ಎಂಜಿನ್ ಆರಿಸಿ ಅಂತ ಬರೆದಿರುತ್ತದೆ, ನಾವು ಎರಡು ಹೆಜ್ಜೆ ಮುಂದೆ ಜರುಗಬೇಕಾದೀತೆಂದು ಗುರುಗುರು ಅನ್ನಿಸುತ್ತಲೇ ಇರುತ್ತೇವೆ. ಸಾಲಿನಲ್ಲಿ ಬನ್ನಿ ಅಂದರೆ ಬೈಕಿನವರು ಎರಡು ಟ್ರ್ಯಾಕ್ಟರಿನ ನಡುವೆ ದಾರದ ಹಾಗೆ ನುಸುಳಿ ಬರುತ್ತಾರೆ. 'ಮೊಬೈಲ್ ಬಳಸಬೇಡಿ' ಎಂಬ ಬೋರ್ಡಿನ ಕೆಳಗೇ ಹಣ ಕಟ್ಟಲು ಸ್ಕ್ಯಾನ್ ಮಾಡುವ ಸ್ಟಿಕ್ಕರು ಅಂಟಿರುತ್ತದೆ. ಆ ಬೋರ್ಡನ್ನು ಓದಿ, ಓದಿದಂತೆ ಫೋನ್ ಸ್ವಿಚ್ ಆಫ್ ಮಾಡಿದ ಮನುಷ್ಯ ಇಡೀ ಜಿಲ್ಲೆಯಲ್ಲಿ ನಮ್ಮ ಕಾಕಾ ಒಬ್ಬರೇ ಇರಬೇಕು. ಆ ಶಿಸ್ತೇ ಮುಂದೆ ನಮಗೆ ಮುಳುವಾಯಿತು.

ನಮ್ಮ ಸರದಿ ಬಂತು. ಪಂಪಿನ ಹಸನಸಾಬರು ಪೈಪು ಹಿಡಿದು ಬಂದವರು ಗಾಡಿಯ ಉದ್ದಕ್ಕೂ ನಡೆದು ಹುಡುಕಿದರು. ಟ್ಯಾಂಕಿನ ಬಾಯಿ ಇರಲಿಲ್ಲ.

"ಆ ಕಡಿ ಐತ್ರಿ ಯಜಮಾನ್ರ! ಗಾಡಿ ತಿರುಗಿಸಿ ಹಚ್ಚರಿ. ನಮ್ಮ ಪೈಪ್ ಅಷ್ಟ ಉದ್ದ ಬರೂದಿಲ್ಲ."

ಬಸ್ಸಿನಷ್ಟುದ್ದದ ಮನೆಯನ್ನು ಕಬ್ಬಿನ ಗಾಡಿಗಳ ನಡುವೆ ತಿರುಗಿಸುವುದೆಂದರೆ ಏನು? ಸಾಲಿನಲ್ಲಿದ್ದ ಗಂಡಸರೆಲ್ಲ ಇಳಿದು ಬಂದರು. ನಮ್ಮ ಕಡೆ ಒಂದು ಗಾಡಿ ರಿವರ್ಸ್ ಬರುತ್ತಿದ್ದರೆ ಸುಮ್ಮನೆ ನಿಂತು ನೋಡುವ ಗಂಡಸು ಇನ್ನೂ ಹುಟ್ಟಿಲ್ಲ. ಒಬ್ಬ "ಬರ್ಲಿ, ಬರ್ಲಿ" ಅಂದ. ಇನ್ನೊಬ್ಬ "ಸಾಕ್, ಸಾಕ್" ಅಂದ. ಮೂರನೆಯವನು ಗಾಡಿಯನ್ನು ಬಡಿದು "ಬಲಕ್ಕ ಕಟ್ ಮಾಡ್ರಿ" ಅಂದ. ಹಸನಸಾಬರು ಮಾತ್ರ ಮೇಲೆ ನೋಡಿ ಕೂಗುತ್ತಿದ್ದರು: "ಎ.ಸಿ.! ನಿಮ್ಮ ಎ.ಸಿ. ನಮ್ಮ ಶೆಡ್ಡಿಗೆ ತಾಗತೈತಿ!"

ಕೂದಲೆಳೆಯ ಅಂತರದಲ್ಲಿ ತಪ್ಪಿತು. ಕಾಕಾ ಬೆವರೊರೆಸಿಕೊಂಡು ಇಳಿದು ಟ್ಯಾಂಕಿನ ಮುಚ್ಚಳ ತೆಗೆದರು. ಹಸನಸಾಬರು ಪೈಪಿನ ಮೂತಿ ಒಳಗಿಟ್ಟು, "ಝೀರೋ ನೋಡ್ರಿ" ಅಂದರು. ಕಾಕಾ ನೋಡಿದರು. ಹಸನಸಾಬರು ಮಾತ್ರ ಕಿಟಕಿಯ ಕಡೆ ನೋಡಿದರು.

ಒಳಗೆ ನೀಲಿ ಜ್ವಾಲೆ. ಅದರ ಮೇಲೆ ಹಾಲಿನ ಪಾತ್ರೆ. ಪಕ್ಕದಲ್ಲಿ ಶುಂಠಿ ಜಜ್ಜುತ್ತಿರುವ ಕಾಕು.

ಮನುಷ್ಯ ಅಷ್ಟು ಬೇಗ ಪೈಪು ಕಿತ್ತು ತೂಗುಹಾಕಿದ್ದನ್ನು ನಾನು ನೋಡಿಲ್ಲ. ಓಡಿಹೋಗಿ ಎಲ್ಲ ಪಂಪೂ ಒಂದೇ ಸಲ ನಿಲ್ಲುವ ಕೆಂಪು ಗುಂಡಿ ಒತ್ತಿದರು. "ಒಲಿ ಆರಸ್ರಿ ಅವ್ವಾರ! ಮೊದಲ ಒಲಿ!"

ಕಾಕು ಕಿಟಕಿಯಿಂದ ಮುಖ ಹೊರಗೆ ಹಾಕಿ ಶಾಂತವಾಗಿ ಕೇಳಿದರು: "ನನ್ನ ಮನ್ಯಾಗ ನಾ ಚಾ ಇಟ್ರ ನಿಮಗೇನ್ ತ್ರಾಸ್ರಿ?"

ಅವರ ದೃಷ್ಟಿಯಲ್ಲಿ ತಪ್ಪೇನಿದೆ? ಬಾಗಿಲ ಮೇಲೆ ಅವರದೇ ಹೆಸರಿದೆ. ಮನೆ ಪಂಪಿಗೆ ಬಂದಿದೆಯೇ ಹೊರತು ಅವರಲ್ಲ.

ಅಷ್ಟರಲ್ಲಿ ಕಾಕಾ ಒಳಗೆ ನುಗ್ಗಿ ಒಲೆ ಆರಿಸಿದರು. ಸಿಲಿಂಡರ್ ಬಂದ್ ಮಾಡಿದರು. ಆಮೇಲೆ ಬಾಗಿಲಲ್ಲಿ ನಿಂತು, ಇಡೀ ಸಾಲಿಗೆ ಕೇಳುವಂತೆ ಕೂಗಿದರು: "ನಿನಗ ಬುದ್ಧಿ ಐತೇನು? ಇಷ್ಟ್ ವಯಸ್ಸಾತು, ಎಲ್ಲಿ ಏನ್ ಮಾಡಬೇಕು ತಿಳ್ಯೂದಿಲ್ಲ? ಅದಕ್ಕ ನಿನ್ನ ಎಲ್ಲೂ ಕರಕೊಂಡ ಹೋಗಿದ್ದಿಲ್ಲ!"

ಕಡೆಯ ಮಾತು ಬೇಡವಾಗಿತ್ತು.

ಕಾಕು ಸೆರಗು ಸರಿಮಾಡಿಕೊಂಡು ಇಳಿದರು. ಗಾಳಿ ಹಾಕುವ ಮಶೀನಿನ ಹಿಂದಿನ ಕಟ್ಟೆಯ ಮೇಲೆ ಹೋಗಿ ಕುಳಿತರು. ನಾನು ಹಿಂದೆಯೇ ಓಡಿದೆ.

"ಸುಮಾ, ನಿಮ್ಮ ಕಾಕಾಗ ಹೇಳು. ಡೀಸೆಲ್ ಹಾಕಿಸಿದ ಮ್ಯಾಲ ಗಾಡಿ ಬನಹಟ್ಟಿಗೆ ತಿರುಗಲಿ. ನಾ ಬಾದಾಮಿ ನೋಡೂದಿಲ್ಲ. ಯಾವ ಊರೂ ನೋಡೂದಿಲ್ಲ."

ಕಣ್ಣಲ್ಲಿ ನೀರಿರಲಿಲ್ಲ. ಅದೇ ಹೆಚ್ಚು ಭಯದ ಸಂಗತಿ. ಕಾಕು ಅತ್ತರೆ ಅರ್ಧ ತಾಸಿನಲ್ಲಿ ಸರಿಹೋಗುತ್ತದೆ. ಅಳದಿದ್ದರೆ ಮುಗಿಯಿತು. ಕಾಕಾನ ಇಷ್ಟು ವರ್ಷದ ಆಸೆ ಮುಧೋಳದಾಚೆಯ ಪಂಪಿನಲ್ಲೇ ಸಮಾಪ್ತಿ ಅಂದುಕೊಂಡೆ.

ಆಗ ಒಬ್ಬ ಹೆಣ್ಣುಮಗಳು ನಮ್ಮ ಹತ್ತಿರ ಬಂದು ನಿಂತರು. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ, ಮುಖದಲ್ಲಿ ಸಂಕೋಚ. ಹೆಸರು ಕಸ್ತೂರೆವ್ವ. ಬೀಳಗಿ ಕಡೆಯವರು. ಗರ್ಭಿಣಿ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಂಧುಗಳನ್ನೆಲ್ಲ ಕ್ರೂಸರ್ ಜೀಪಿನಲ್ಲಿ ತುಂಬಿಕೊಂಡು ಹೊರಟಿದ್ದರು. ಅವರ ಕ್ರೂಸರ್ ಸಾಲಿನಲ್ಲಿ ಎರಡು ಟ್ರ್ಯಾಕ್ಟರಿನ ಹಿಂದಿತ್ತು. ಪಂಪಿನ ಶೌಚಾಲಯಕ್ಕೆ ಬೀಗ. (ಕೇಳಿದರೆ "ಕೀಲಿ ಮಾಲಕರ ಹಂತ್ಯಾಕ ಐತಿ" ಅನ್ನುತ್ತಾರೆ. ಮಾಲೀಕರು ಯಾವಾಗಲೂ ಬಾಗಲಕೋಟೆಗೆ ಹೋಗಿರುತ್ತಾರೆ. ಗ್ರಾಹಕರಿಗೆ ಉಚಿತ ಎಂದು ಗೋಡೆಯ ಮೇಲೆ ಮಾತ್ರ ದೊಡ್ಡದಾಗಿ ಬರೆದಿರುತ್ತದೆ.)

"ಅಕ್ಕಾರ, ನಿಮ್ಮ ಗಾಡ್ಯಾಗ..." ಅಂತ ಅರ್ಧಕ್ಕೇ ನಿಲ್ಲಿಸಿದರು.

ಕಾಕುವಿನ ಸಿಟ್ಟು ಗಂಡನ ಮೇಲೆ, ಜಗತ್ತಿನ ಮೇಲಲ್ಲ. "ಹೋಗವಾ, ನಿನ್ನ ಮನಿ ಅಂತ ತಿಳಿ. ಚಪ್ಪಲ್ ಮಾತ್ರ ಕೆಳಗ ಬಿಡು" ಅಂದರು.

ಕಸ್ತೂರೆವ್ವ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಅಷ್ಟರಲ್ಲಿ ಹಸನಸಾಬರು ಪಂಪು ಮತ್ತೆ ಚಾಲೂ ಮಾಡಿದ್ದರು, ಕಾಕಾ ಆ ಬದಿಯಲ್ಲಿ ಮೀಟರು ನೋಡುತ್ತಾ ನಿಂತಿದ್ದರು. ಟ್ಯಾಂಕ್ ತುಂಬಿತು, ಕಾಕಾ ನೋಟು ಎಣಿಸಿ ಕೊಟ್ಟರು. "ಮುಂದ ತಗೀರಿ ಯಜಮಾನ್ರ, ಹಿಂದ ಮಂದಿ ಕಾಯಾಕತ್ತಾರ" ಅಂತ ಹಸನಸಾಬರು ಕೂಗಿದರು. ಡೀಸೆಲ್ ಹಾಕಿಸಿದ ಮೇಲೆ ಪಂಪಿನ ಮುಂದೆ ನಿಲ್ಲಬಾರದು. ಎಲ್ಲ ನಿಯಮಗಳಿಗಿಂತ ದೊಡ್ಡ ನಿಯಮ ಅದು. ಅದಾಗಲೇ ಸಾಕಷ್ಟು ಮಾನ ಹೋಗಿದ್ದ ಕಾಕಾ ಲಗುಬಗೆಯಿಂದ ಸೀಟಿಗೆ ಹತ್ತಿದರು. ಹಿಂದೆ ಬಾತ್‌ರೂಮಿನ ಬಾಗಿಲು ದಪ್ಪೆಂದಿತು. ಸರಿ, ಈಕೆ ವಾಪಸ್ ಬಂದು ಸಿಟ್ಟಿನಿಂದ ಬಾಗಿಲು ಹಾಕಿಕೊಂಡಳು, ಸುಮಾ ಮಂಚದ ಮೇಲೆ ಮುಖ ಊದಿಸಿಕೊಂಡು ಕುಳಿತಿರಬೇಕು ಅಂದುಕೊಂಡರಂತೆ. ವಾಪಸ್ ಹೋಗೋಣ ಅನ್ನುವ ಮೊದಲೇ ಬಾದಾಮಿ ದಾರಿ ಹಿಡಿದುಬಿಡಬೇಕು ಅನ್ನುವ ಉಪಾಯ ಬೇರೆ.

ಗಾಡಿ ಹೊರಟಿತು. ನಾವಿಬ್ಬರೂ ಕೂಗಿದೆವು. ಟ್ರ್ಯಾಕ್ಟರಿನ ಹಾಡಿಗೆ ನಮ್ಮ ಕೂಗು ಎಲ್ಲಿ ಕೇಳಬೇಕು?

ಸುವರ್ಣಾ ನಿಲಯ ರಸ್ತೆಗೆ ತಿರುಗಿ ಮರೆಯಾಯಿತು. ಪಂಪಿನ ನೆಲದ ಮೇಲೆ ಒಂದು ಜೊತೆ ಚಪ್ಪಲಿ ಉಳಿಯಿತು.

"ನನ್ನ ಮನಿ!" ಅಂದರು ಕಾಕು.

"ನನ್ನ ಹೇಣ್ತಿ!" ಅಂದ ಅವರ ಪಕ್ಕ ಬಂದು ನಿಂತ ಗಂಡಸು. ಕಸ್ತೂರೆವ್ವನ ಯಜಮಾನ, ಬೀರಪ್ಪ. "ಈ ಚಪ್ಪಲ್ ನಮ್ಮಾಕಿದು. ಆಕಿ ಎಲ್ಲಿ?"

ನಾನು ಗಾಡಿ ಹೋದ ದಾರಿಗೆ ಕೈ ತೋರಿಸಿದೆ. 

ಕಾಕಾನ ಫೋನಿಗೆ ಹಚ್ಚಿದರೆ ಸ್ವಿಚ್ ಆಫ್. ಕಸ್ತೂರೆವ್ವನ ಫೋನು ಕ್ರೂಸರಿನಲ್ಲಿದ್ದ ಅವರ ಚೀಲದಲ್ಲೇ ರಿಂಗಾಯಿತು. ಕ್ರೂಸರಿನ ಒಳಗಿಂದ ಒಬ್ಬ ಅಜ್ಜಿ, "ಹಡದವ್ವನ ಇಲ್ಲದ ಕುಬಸ ಹೆಂಗ ಆಗತೈತೋ!" ಅಂತ ರಾಗ ತೆಗೆದರು. ಬೆನ್ನು ಹತ್ತೋಣ ಎಂದರೆ ಕ್ರೂಸರಿನ ಟ್ಯಾಂಕು ಒಣಗಿತ್ತು. ಮುಂದೆ ಎರಡು ಟ್ರ್ಯಾಕ್ಟರ್.

ಆಗ ಮುಂದಿನ ಟ್ರ್ಯಾಕ್ಟರಿನ ಡ್ರೈವರ್ ಹಾಡು ಬಂದ್ ಮಾಡಿದ. ಅಷ್ಟೊತ್ತು ಯಾರ ಮಾತೂ ಕೇಳದಿದ್ದವನು ಎದ್ದು ನಿಂತು ಘೋಷಿಸಿದ: "ಏ ಹಸನಭಾಯ್! ಆತನ ಹೇಣ್ತಿ ಹೋಗ್ಯಾಳ. ಮೊದಲ ಆತಗ ಹಾಕು!"

ಸಾಲು ಸರಿಯಿತು. ಒಬ್ಬರೂ ಗೊಣಗಲಿಲ್ಲ. ನಮ್ಮ ಭಾಗದ ಪಂಪಿನಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ಹೆಂಡತಿ ಕಳೆದುಹೋಗಬೇಕು, ಅಷ್ಟೇ.

ಕ್ರೂಸರಿನಲ್ಲಿ ಜಾಗವಿಲ್ಲದ ಕಡೆ ಕಾಕು ಮತ್ತು ನಾನು ತುರುಕಿಕೊಂಡೆವು. ಕಾಕುವಿನ ಕೈಯಲ್ಲಿ ಕಸ್ತೂರೆವ್ವನ ಚಪ್ಪಲಿ. ಬೀರಪ್ಪ ದಾರಿಯುದ್ದಕ್ಕೂ ಒಂದೇ ಮಾತು: "ನಿಮ್ಮ ಯಜಮಾನ್ರು ಮನಷ್ಯಾ ಹೆಂಗ್ರಿ?"

"ಮನಷ್ಯಾ ಛಲೋನ ಅದಾರ. ಹಿಂದ ತಿರುಗಿ ನೋಡೂದಿಲ್ಲ, ಅದೊಂದ" ಅಂದರು ಕಾಕು.

ಲೋಕಾಪುರ ಇನ್ನೂ ದೂರವಿರುವಾಗಲೇ, ಬೇವಿನ ಮರದ ಕೆಳಗೆ ಮನಿಗಾಡಿ ಕಂಡಿತು. ಮೆಟ್ಟಿಲ ಮೇಲೆ ಕಾಕಾ ತಲೆಗೆ ಕೈಹೊತ್ತು ಕುಳಿತಿದ್ದರು. ಒಳಗೆ ಮಂಚದ ಮೇಲೆ ಕಸ್ತೂರೆವ್ವ ಚಹಾ ಕುಡಿಯುತ್ತಿದ್ದರು. ಕಾಕಾ ಸ್ವತಃ ಮಾಡಿಕೊಟ್ಟ ಚಹಾ! ಅವರಿಗೆ ಒಲೆ ಹಚ್ಚಲು ಬರುತ್ತದೆಂಬುದೇ ನಮ್ಮ ಮನೆತನದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಡೆದದ್ದನ್ನು ಕಸ್ತೂರೆವ್ವನೇ ಹೇಳಿದರು. ಗಾಡಿ ಹೊರಟ ಕೂಡಲೇ ಅವರು ಬಾಗಿಲು ತೆಗೆಯಲು ನೋಡಿದ್ದಾರೆ. ಹೊಸ ಚಿಲಕ, ಕುಲುಕಾಟ, ಜಗ್ಗಿದರೂ ಸರಿಯಲಿಲ್ಲ. ಕೂಗಿಕೊಂಡು ಬಾಗಿಲು ಬಡಿದರು; ಎಂಜಿನ್ನಿನ ಸದ್ದಿನಲ್ಲಿ ಕೂಗು ಮುಳುಗಿ ಬಡಿತವೊಂದೇ ಮುಂದೆ ಕೇಳಿತು. ಮುಂದಿನಿಂದ ಕಾಕಾ, "ಬಡೀಬ್ಯಾಡ ಸುವರ್ಣಾ, ಸಿಟ್ಟು ಬಂದೈತಿ ಅಂತ ಗೊತ್ತೈತಿ ನನಗ" ಅಂದರಂತೆ. ಇನ್ನೂ ಜೋರಾಗಿ ಬಡಿದರು. "ಬಡಿ, ಬಡಿ. ನಂದ ತಪ್ಪೈತಿ" ಅಂದರಂತೆ. ಆಮೇಲೆ ಎಂಜಿನ್ನಿನ ಸದ್ದನ್ನೂ ಮೀರಿಸಿ ಮಾತಾಡುತ್ತಲೇ ಹೋದರಂತೆ. ಕಡೆಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, "ಬಾ ಹೊರಗ" ಅಂತ ಹೊರಗಿಂದ ಬಾಗಿಲು ಜೋರಾಗಿ ಜಗ್ಗಿದಾಗ ಚಿಲಕ ಸಡಿಲಿತು; ಒಳಗೆ ಬೇರೆ ಹೆಣ್ಣುಮಗಳು. ಚೀರಿದ್ದು ಆಗಲೇ. ಆ ಗಾಬರಿಯಲ್ಲಿ ಕಾಕಾನಿಗೆ ಫೋನ್ ಚಾಲೂ ಮಾಡುವುದಾಗಲಿ, ಗಾಡಿ ತಿರುಗಿಸುವುದಾಗಲಿ ಹೊಳೆಯಲಿಲ್ಲ; ಹೊಳೆದದ್ದು ಚಹಾ ಒಂದೇ.

"ಏನ್ ಮಾತಾಡಿದ್ರು?" ಕಾಕು ಕೇಳಿದರು.

"ಅದೆಲ್ಲಾ ಯಾಕ ಈಗ, ಬಿಡ್ರಿ" ಅಂತ ಕಾಕಾ ಎದ್ದರು.

"ಯಾಕ ಬಿಡಬೇಕ್ರಿ? ನಾ ಹೇಳಾಕಿನ" ಅಂದರು ಕಸ್ತೂರೆವ್ವ, ಕಪ್ಪು ಕೆಳಗಿಟ್ಟು. "ಅಕ್ಕಾರ, ನಿಮ್ಮವರು ಅಂದ್ರು: ಊರೂರಾಗ ಮಂದಿ ಹೆಣ್ಣುಮಕ್ಕಳಿಗೆ ಸೀರಿ ಬಿಚ್ಚಿ ತೋರಿಸಿ ಬಂದೆ, ನಿನಗ ಒಂದ್ ಊರ ತೋರಿಸಲಿಲ್ಲ. ನಿನಗ ಬುದ್ಧಿ ಇಲ್ಲಂತಲ್ಲ, ನನಗ ಪುರುಸೊತ್ತ ಇರಲಿಲ್ಲ. ಒಲಿ ಉರಿ ಕಂಡ ಕೂಡ್ಲೆ ನನ್ನ ಎದಿ ನಿಂತಂಗಾತು. ಗಾಡಿ ಸುಟ್ರ ಸುಡಲಿ, ಒಳಗ ನೀ ಇದ್ದಿ. ಅದಕ್ಕ ಒದರಿದೆ. ಅಂಜಿದ್ದು ನಾನು, ಬೈಸಿಕೊಂಡಾಕಿ ನೀನು."

ಕಾಕಾ ಬೇವಿನ ಮರದ ಕಡೆ ಮುಖ ತಿರುಗಿಸಿದರು. 

ಕಸ್ತೂರೆವ್ವ ಗಂಡನ ಕಡೆ ತಿರುಗಿದರು. "ಕೇಳಿದ್ರೇನು?"

ಬೀರಪ್ಪ ರಸ್ತೆಯ ಕಡೆ ನೋಡುತ್ತಾ, "ಕುಬಸಕ್ಕ ಹೊತ್ತಾತು, ನಡಿ" ಅಂದ.

ಕಾಕು ಕಸ್ತೂರೆವ್ವನ ಚಪ್ಪಲಿಯನ್ನು ಮೆಟ್ಟಿಲ ಬಳಿ ಜೋಡಿಸಿಟ್ಟರು. ಆಕೆಯ ಮಗಳಿಗೆಂದು ತಮ್ಮ ಪೆಟ್ಟಿಗೆಯಿಂದ ಒಂದು ಹೊಸ ಕುಪ್ಪಸದ ಬಟ್ಟೆ ತೆಗೆದು, ಅರಿಶಿನ ಕುಂಕುಮ ಹಚ್ಚಿ ಉಡಿಗೆ ಹಾಕಿದರು. ಕ್ರೂಸರು ಕೈ ಬೀಸುತ್ತಾ ಹೋಯಿತು. ಆಮೇಲೆ ಪಾತ್ರೆಯಲ್ಲಿ ಉಳಿದಿದ್ದ ಚಹಾ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದರು.

"ಸಕ್ರಿನ ಹಾಕಿಲ್ಲ. ಪಾಪ, ಆಕಿ ಹೆಂಗ ಕುಡದಾಳೋ" ಅಂದರು. ಹಾಗೆನ್ನುತ್ತಲೇ ಅಷ್ಟನ್ನೂ ಕುಡಿದರು.

ಅಲ್ಲಿತನಕ ಹಿಂದೆ ಮಂಚದ ಮೇಲೆ ಕುಳಿತು ಬಂದಿದ್ದ ಕಾಕು, ಬಾದಾಮಿಯ ತನಕ ಮುಂದೆ ಕಾಕಾನ ಪಕ್ಕದ ಸೀಟಿನಲ್ಲಿ ಕುಳಿತರು. ಇಬ್ಬರೂ ಮಾತಾಡಿದ್ದು ಎತ್ತು, ಎಮ್ಮೆ, ಕಬ್ಬು, ಸೇತುವೆ ಇಂಥವೇ. ಕಸ್ತೂರೆವ್ವ ಕೇಳಿಸಿಕೊಂಡ ಆ ಮಾತುಗಳನ್ನು ಕಾಕಾ ತಮ್ಮ ಹೆಂಡತಿಯ ಎದುರಿಗೆ ಮತ್ತೆ ಹೇಳಲೇ ಇಲ್ಲ. ಕಾಕು ಕೇಳಲೂ ಇಲ್ಲ.

ನಾನು ಹಿಂದೆ ಮಂಚದ ಮೇಲೆ ಮಲಗಿ ಯೋಚಿಸುತ್ತಿದ್ದೆ: ಮುಚ್ಚಿದ ಬಾಗಿಲಿಗೆ ಅಷ್ಟು ಚೆಂದ ಹೇಳಿದ್ದನ್ನು ಎದುರಿಗಿರುವ ಮುಖಕ್ಕೆ ಹೇಳಲು ನಮ್ಮ ಗಂಡಸರಿಗೆ ಇನ್ನೆಷ್ಟು ಡೀಸೆಲ್ ಬೇಕು?