ಹಿರಿಯಾಕಿ ಮಡಚಿಟ್ಟ ಹಾಳಿ

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಫೋನಿನ್ಯಾಗ ಏನೋ ಓದಕೋತ ಅಡ್ಡಾಗಿದ್ಲು. ನಾ ಕಸಾ ಹೊಡಕೋತ ಬಂದೆ, ಫೋನಿನ ಮ್ಯಾಲ ಒಂದು ಚಿತ್ರ ಕಾಣಿಸ್ತು. ಕುಂಬಳಕಾಯಿಗೆ ಕಣ್ಣು, ಬಾಯಿ, ಹಲ್ಲು ಕೊರದು ಒಳಗ ದೀಪ ಹಚ್ಚಿಟ್ಟಿದ್ರು. ಅದರ ಹಿಂದ ಒಬ್ಬ ಹುಡುಗ, ಮಾರಿಯೊಳಗ ರಕ್ತಾನ ಇಲ್ಲ. ಏನಿದು ಅಂತ ಕೇಳಿದೆ. ಹ್ಯಾಲೋವೀನ್ ಅಂತ ಆಯಿ, ಹೊರದೇಶದಾಗ ಸತ್ತವರು ತಿರುಗಿ ಬರೂ ದಿನ, ಅಂದ್ಲು. ಆ ದಿನ ಬರೂ ಸತ್ತ ಹುಡುಗನ್ನ ಒಬ್ಬ ಜೀವಂತ ಹುಡುಗಿ ಪ್ರೀತಿ ಮಾಡ್ತಾಳಂತ. ಸಣ್ಣ ಕಾದಂಬರಿ, ಇಂಥವು ರಾಶಿಗಟ್ಟಲೆ ಸಿಗತಾವಂತ. ನಾ ಹೆದರತೀನಿ ಅಂತ ತಿಳಕೊಂಡು ದನಿ ಸಣ್ಣ ಮಾಡಿ ಹೇಳಿದ್ಲು.

ನಾ ಹೆದರಲಿಲ್ಲ. ಈಕಿ ಅಪ್ಪ ಚಡ್ಡಿ ಇಲ್ಲದ ಅಡ್ಡಾಡೂ ಕಾಲಕ್ಕ ಇಂಥ ಕತಿ ಬೇಕಾದಷ್ಟು ಕೇಳೀನಿ. ಅದರಾಗ ಕುಂಬಳಕಾಯಿ ಇರಲಿಲ್ಲ, ಅಷ್ಟ. ನಮ್ಮ ಕಡೆ ಕುಂಬಳಕಾಯಿಗೆ ಹಲ್ಲು ಕೊರಿಯಂಗಿಲ್ಲ, ದೃಷ್ಟಿ ತಗದು ಒಡೀತೀವಿ. ಉಳಿದದ್ದೆಲ್ಲಾ ಅದ... ಓದಿ ಹೇಳತಿದ್ದಾಕಿ ಬಾಜೂ ಮನಿಯಾಕಿ.

ಆಗ ನಾವು ಕುಷ್ಟಗಿಯೊಳಗ ಬಸ್ ಸ್ಟ್ಯಾಂಡಿನ ಹಿಂದಿನ ಓಣ್ಯಾಗ ಇದ್ವಿ. ನನ್ನ ಗಂಡ ಬಜಾರದಾಗ ಹಮಾಲಿ ಮಾಡತಿದ್ದ. ಬಾಜೂ ಮನಿಯಾಂವ ಬಸ್ಸಿನ ಕಂಡಕ್ಟರ್. ಅವ, ಅವನ ತಾಯಿ, ಇಬ್ಬರ ಇದ್ರು. ಅವನ ಮೊದಲನೇ ಹೆಂಡತಿ ಕಾಮಾಲಿ ಆಗಿ ಸತ್ತಿದ್ಲು. ನಾವು ಆ ಓಣಿಗೆ ಬರೂದ್ರಾಗ ಆಕಿ ಹೋಗಿ ಆಗಿತ್ತು. ನಾ ಆಕಿ ಮಾರಿ ನೋಡಿಲ್ಲ, ಆಕಿ ದನಿ ಕೇಳಿಲ್ಲ. ನಾವು ಬಂದ ಮ್ಯಾಲ ಅವ ತಾವರಗೇರಾದಿಂದ ಎರಡನೇದಾಕೀನ ಮಾಡಿಕೊಂಡು ಬಂದ. ಸಣ್ಣ ವಯಸ್ಸು, ಕಪ್ಪು ಮೈ, ಉದ್ದ ಕೈ. ನಕ್ಕರ ಓಣಿಗೆಲ್ಲಾ ಕೇಳಿಸತಿತ್ತು. ಬಂದ ಸ್ವಲ್ಪ ದಿನದಾಗ ಆ ನಗು ನಿಂತು ಹೋತು.

ಸತ್ತ ಹೆಂಡತಿ ಜಾಗಕ್ಕ ಬಂದಾಕಿ ಕೊರಳಿಗೆ ಬೆಳ್ಳಿ ಪದಕ ಕಟ್ಟೂದು ಅವರ ಮನಿತನದಾಗ ಇತ್ತು. ಪದಕದ ಮ್ಯಾಲ ಒಂದು ಹೆಣ್ಣಿನ ಗೊಂಬಿ ಒತ್ತಿರತಾರ. ಅದ ಹಿರಿಯಾಕಿ, ಸತ್ತಾಕಿ. ತಾಳಿ ಬಾಜೂಕ ಆಕಿ ಇರಬೇಕು, ಇಲ್ಲಾಂದ್ರ ಸುಮ್ಮನಿರಂಗಿಲ್ಲ, ಕಾಡತಾಳ. ಹೊಸ ಸೀರಿ ತಂದ್ರ ಮೊದಲು ಪದಕಕ್ಕ ಮುಟ್ಟಿಸಿ ಆಮ್ಯಾಲ ಉಡಬೇಕು. ಹಬ್ಬದ ಅಡಗಿಯಾಗ ಮೊದಲ ತುತ್ತು ಆಕಿ ಹೆಸರಿಲೆ ತಗದಿಡಬೇಕು. ಕಿರಿಯಾಕಿಗೆ ಏನ ಬಂದ್ರೂ ಹಿರಿಯಾಕಿ ಎಂಜಲಾಗಿ ಬರಬೇಕು. ಹಂಗಿತ್ತು ಪದ್ಧತಿ.

ಹಿರಿಯಾಕೀದು ಒಂದು ಟ್ರಂಕು ಉಳದಿತ್ತು. ಸೀರಿ ಎಲ್ಲಾ ಹಂಚಿಬಿಟ್ಟಿದ್ರು, ಟ್ರಂಕಿನ ತುಂಬ ಬರೇ ಕಾದಂಬರಿ. ಡ್ಯೂಟಿ ಮುಗಿಸಿ ಬರುವಾಗ ಬಸ್ ಸ್ಟ್ಯಾಂಡಿನ ಪುಸ್ತಕದಂಗಡ್ಯಾಗ ಕೊಂಡು ಗಂಡ ಆಕಿಗೆ ತಂದುಕೊಟ್ಟಿದ್ದಂತ. ಹೆಬ್ಬೆರಳು ದಪ್ಪ ಇರತಿದ್ದವು. ಹೊದಿಕಿ ಮ್ಯಾಲ ಬಿಳಿ ಸೀರಿ ಉಟ್ಟು ಕೂದಲ ಬಿಟ್ಟ ಹೆಂಗಸು, ಹಿಂದ ಚಂದ್ರ. ಎಲ್ಲಾ ಸತ್ತವರ ಪ್ರೀತಿ ಕತಿ. ಒಂದರಾಗ ಸತ್ತ ಹುಡುಗಿ ಭಾವಿ ದಂಡಿಗೆ ಬಂದು ಕೂಡತಾಳ, ಇನ್ನೊಂದರಾಗ ಸತ್ತ ಗಂಡ ಅಮಾಸಿಗೊಮ್ಮೆ ಬಂದು ಹೆಂಡತಿ ಜಡಿ ಹೆಣದು ಹೋಗತಾನ...

ಮಧ್ಯಾಹ್ನ ಅತ್ತಿ ಗಿರಣಿಗೋ ಗುಡಿಗೋ ಹೋದಳಂದ್ರ ಬಾಜೂ ಮನಿಯಾಕಿ ನನ್ನ ಕರೀತಿದ್ಲು. ನಾ ಮೊರದಾಗ ಜ್ವಾಳ ಹಾಕ್ಕೊಂಡು ಹೋಗಿ ಅವರ ಪಡಸಾಲ್ಯಾಗ ಹಸನ ಮಾಡಕೋತ ಕೂಡತಿದ್ದೆ, ಆಕಿ ಓದತಿದ್ಲು. ನಾ ಎರಡನೇತ್ತೆ ಬಿಟ್ಟಾಕಿ, ನನಗ ಬಸ್ಸಿನ ಬೋರ್ಡ್ ಓದೂದ ದೊಡ್ಡದು. ಆಕೀದು ಏಳನೇತ್ತೆ ಆಗಿತ್ತು. ಆದ್ರೂ ಒತ್ತಕ್ಷರ ಬಂದಲ್ಲಿ ಎಡವತಿದ್ಲು, ಹಿಂದ ಹೋಗಿ ಮತ್ತ ಓದತಿದ್ಲು. ನನಗ ಹೆದರಿಕಿಗಿಂತ ನಗು ಭಾಳ ಬರತಿತ್ತು. ಸತ್ತಾವನ ಕೂಡ ಸಂಸಾರ ಮಾಡ್ತಾಳಂತ, ಹಂಗಾರ ಚಲೋನ ಆತು, ರೊಟ್ಟಿ ಬಡಿಯೂದು ಉಳೀತು ಅಂತಿದ್ದೆ. ಆಕೀನೂ ನಗತಿದ್ಲು. ನಗುವಾಗ ಪದಕ ಮುಟ್ಟಿ ನೋಡಕೋತಿದ್ಲು.

ಹಿರಿಯಾಕಿಗೆ ಓದಿ ನಿಲ್ಲಿಸಿದಲ್ಲಿ ಹಾಳಿ ಮೂಲಿ ಮಡಚೂ ಚಟ. ಎಲ್ಲಾ ಪುಸ್ತಕದಾಗ ಮಡಚಿದ ಗುರುತು ಇದ್ದವು. ಒಂದು ಪುಸ್ತಕದಾಗ ಮಾತ್ರ ನಟ್ಟನಡುವ ಮಡಚಿದ ಮೂಲಿ ಹಂಗ ಇತ್ತು. ಅದನ್ನ ಓದಕೋತ ಇದ್ದಾಗ ಹಾಸಿಗಿ ಹಿಡದಿದ್ಲಂತ. ಆ ಕತ್ಯಾಗ ಒಬ್ಬಾಕಿ ಹೆಂಗಸು, ಸತ್ತ ಗಂಡ ಹೊರಗ ನಿಂತು ಬಾಗಿಲಾ ಬಡೀತಾನ. ತಗೀಬೇಕೋ ಬ್ಯಾಡೋ ಅಂತ ಆಕಿ ಚಿಲಕದ ಮ್ಯಾಲ ಕೈ ಇಡತಾಳ. ಅಲ್ಲಿಗೆ ಮಡಚಿತ್ತು. ಬಾಜೂ ಮನಿಯಾಕಿ ಅಲ್ಲಿಗೆ ಬಂದು ಪುಸ್ತಕ ಮುಚ್ಚಿಬಿಟ್ಲು. ಮುಂದ ಓದವಾ, ತಗೀತಾಳೋ ಇಲ್ಲೋ ಅಂದೆ.

"ಆಕಿ ಇಲ್ಲಿಗೆ ಬಿಟ್ಟಾಳ ಯಕ್ಕಾ. ಆಕಿಗಿಂತ ಮುಂದ ನಾ ಹೆಂಗ ಓದಲಿ? ಆಕೀನ ಬಿಟ್ಟು ಉಂಡಂಗಾಗತೈತಿ."

ಹುಚ್ಚಿ ಅದೀ ಅಂತ ಬೈದೆ. ಸೀರಿಗೆ, ಊಟಕ್ಕ ಇದ್ದ ಪದ್ಧತಿ ಕತಿಗೂ ಹಚ್ಚಿದ್ಲು.

ಆ ವರ್ಷ ಆಕಿಗೆ ಬಸರು ನಿಂತು ಇಳದು ಹೋತು. ಅತ್ತಿ ಬಾಯಿಗೆ ಅದ ಬೇಕಾಗಿತ್ತು. ಹಿರಿಯಾಕಿಗೆ ಸಮಾಧಾನ ಇಲ್ಲ, ನೀ ಆಕಿಗೆ ಏನೋ ಕಡಿಮಿ ಮಾಡೀ, ಮಾನಮಿ ಅಮಾಸಿಗೆ ಆಕಿ ಒಪ್ಪಿದ್ರ ಇರು, ಇಲ್ಲಾಂದ್ರ ತಾವರಗೇರಾಕ್ಕ ಬಿಟ್ಟು ಬರತೀವಿ ಅಂತ ದಿನಾ ಅಂತಿದ್ಲು. ಗಂಡ ಚೀಲ ತಗೊಂಡು ಡ್ಯೂಟಿಗೆ ಹೋಗಿಬಿಡತಿದ್ದ. ಆಕಿ ಕೂಡ ಅವ ಮದುವ್ಯಾದಾಗಿಂದ ಮಾತಾಡಿದ್ದ ಕಡಿಮಿ. ತಾವರಗೇರಾದಾಗ ಆಕಿಗೆ ಇದ್ದಾಂವ ಒಬ್ಬ ಅಣ್ಣ. ಅವನ ಹೆಂಡತಿ ಬರಬ್ಯಾಡ ಅಂತ ಮೊದಲ ಹೇಳಿ ಕಳಿಸಿದ್ಲು. ಈ ಮನಿ ಬಿಟ್ರ ಆಕಿಗೆ ಮನಿ ಇರಲಿಲ್ಲ.

ಮಾನಮಿ ಅಮಾಸಿ ಅಂದ್ರ ಹಿರೇರ ಹಬ್ಬ. ಸತ್ತವರ ಹೆಸರಿಲೆ ಎಲಿ ಹಾಕಿ, ಹೊಸ ಅರಿವಿ ಇಟ್ಟು, ಅವರಿಗೆ ಸೇರತಿದ್ದದ್ದೆಲ್ಲಾ ಬಡಿಸಿ, ಎಲ್ಲಾರೂ ಹೊರಗ ಬಂದು ಖೋಲಿ ಬಾಗಿಲಾ ಮುಚ್ಚತಾರ. ಅವರು ಬಂದು ಉಂಡು ಹೋಗೂ ಮಟ ಯಾರೂ ಒಳಗ ಹೋಗೂ ಹಂಗಿಲ್ಲ. ಮುತ್ತೈದಿ ಅಂತ ನನ್ನೂ ಊಟಕ್ಕ ಕರದಿದ್ರು. ಹಿರಿಯಾಕಿ ಎಲಿ ಮುಂದ ಹಸರ ಸೀರಿ, ಬಳಿ, ಹೋಳಗಿ ಇಟ್ಟಿದ್ರು. ಬಾಗಿಲಾ ಮುಚ್ಚೂ ಮುಂದ ಬಾಜೂ ಮನಿಯಾಕಿ ಸೀರಿ ಮ್ಯಾಲ ಆ ಪುಸ್ತಕ ತಂದಿಟ್ಲು, ಮಡಚಿದ ಹಾಳಿ ತಗದು ಮ್ಯಾಲ ಮಾಡಿ. ಅತ್ತಿ ನೋಡಿ ಹಂಗ ಬಿಟ್ಲು. ಆಕಿಗೆ ಸೇರತಿದ್ದದ್ದ ಅಲ್ಲೇನು ಅದು.

ನಾವು ಪಡಸಾಲ್ಯಾಗ ಕುಂತ್ವಿ. ಆ ಖೋಲಿಗೆ ಕಿಟಕಿ ಇರಲಿಲ್ಲ. ಹೊರಗೂ ಗಾಳಿ ಇರಲಿಲ್ಲ, ಉಸರ ಕಟ್ಟಿದಂಗ ಇತ್ತು. ಒಳಗ ಏನೋ ಸರಕ್ ಅಂತು. ಸ್ವಲ್ಪ ತಡದು ಮತ್ತ ಸರಕ್ ಅಂತು. ಇಲಿ ಅಂದೆ ನಾ. ಬಾಗಿಲಾ ತಗದ್ರ ಅಡಗಿ ಹೆಂಗ ಇಟ್ಟಿದ್ವೋ ಹಂಗ ಇತ್ತು. ಪುಸ್ತಕ ಮುಚ್ಚಿತ್ತು. ಬಾಜೂ ಮನಿಯಾಕಿ ಎತ್ತಿ ತಗದು ನೋಡಿದ್ಲು. ಮಡಚಿದ ಮೂಲಿ ಸಪಾಟ ಆಗಿ ನೆಟ್ಟಗಿತ್ತು, ಯಾರೋ ಉಗರಿಲೆ ತೀಡಿದಂಗ. ಮುಗಿಸ್ಯಾಳ, ಅಂದ್ಲು ಸಣ್ಣಗ. ಆಕಿ ಮಾರಿ ಮ್ಯಾಲ ಮೊದಲಿನ ನಗು ಬಂತು. ಒಪ್ಪಿದ್ಲು ಅಂತ ತಿಳಕೊಂಡ್ಲು, ಪಾಪ.

ಮರುದಿನ ಮಧ್ಯಾಹ್ನ ಮುಂದ ಓದತೀನಿ ಬಾ ಅಂತ ಕರದ್ಲು. ನಾ ಹೋದೆ. ಓದೂಕ್ಕಿಂತ ಮೊದಲು ಪದಕ ಬಿಚ್ಚಿ ಆ ಹಸರ ಸೀರಿ ಮ್ಯಾಲ ಎದುರಿಗೆ ಇಟ್ಲು. ಯಾಕಬೇ ಅಂತ ಕೇಳಿದೆ. ಕತಿ ಕೇಳಾಕ ಬಂದಾಕೀನ ಕೊರಳಿಗೆ ಕಟ್ಟಿಕೊಂಡು ಕೂಡೂದು ಮರ್ಯಾದಿ ಅಲ್ಲ, ಎದುರಿಗೆ ಕೂಡಲಿ ಅಂದ್ಲು. ಪದಕ ಕಟ್ಟಿದ್ದು ಸತ್ತಾಕಿ ಎದ್ದು ಬರಬಾರದಂತ. ಈಕಿ ಕೂಡಾಕ ಮಣಿ ಹಾಕಿ ಕರದಂಗ ಮಾಡಿದ್ಲು.

ಓದಾಕ ಹತ್ತಿದ್ಲು. ಆ ಹೆಂಗಸು ಚಿಲಕಾ ತಗದ್ಲು. ಹೊರಗ ಯಾರೂ ಇರಲಿಲ್ಲ. ಗಂಡ ಮೊದಲಿಂದನೂ ಒಳಗ ಇದ್ದ, ಆಕಿ ಬೆನ್ನಿಗೆ... ಕೇಳಕೋತ ನಾ ಜ್ವಾಳ ಹಸನ ಮಾಡೂದು ಬಿಟ್ಟೆ. ಕತಿಗಲ್ಲ. ಆಕಿ ಎಡವತಿರಲಿಲ್ಲ. ಎಂಥಾ ಒತ್ತಕ್ಷರ ಬಂದ್ರೂ ನೀರು ಹರದಂಗ ಹೋಗತಿದ್ಲು. ದನಿ ಸಣ್ಣ ಆಗಿತ್ತು, ಸಾಲಿನ ಕಡೀಗೆ ಒಂದೀಟು ಎಳೀತಿತ್ತು. ಬಿಸಿಲು ಹೊಸ್ತಿಲಾ ದಾಟಿ ನನ್ನ ಕಾಲತನ ಬಂತು. ಅಷ್ಟೊತ್ತನ್ಯಾಗ ಆಕಿ ಒಂದ ಸಲನೂ ಹಾಳಿ ತಿರುವಲಿಲ್ಲ. ತಗದಿದ್ದ ಹಾಳಿ ತಗದಂಗ ಇತ್ತು, ಕಣ್ಣು ಅದರ ಮ್ಯಾಲ ಇತ್ತು, ಕತಿ ಮುಂದ ಮುಂದ ಹೋಗತಿತ್ತು.

ಬಾಗಿಲದಾಗ ಏನೋ ಬಿದ್ದಂಗಾತು. ನೋಡಿದ್ರ ಕಂಡಕ್ಟರ್. ತಳಕಲ್ ಹತ್ತಿರ ಬಸ್ಸು ಕೆಟ್ಟು ನಿಂತು ಲಗೂ ಬಂದಿದ್ದ. ಟಿಕೀಟಿನ ಚೀಲ ಕೈಯಿಂದ ಬಿದ್ದಿತ್ತು. ಗ್ವಾಡಿ ಹಿಡಕೊಂಡು ಕುಂತ. ಅವನ ಹಿಂದ ತಾಯಿ ಗಿರಣಿಯಿಂದ ಹಿಟ್ಟಿನ ಬುಟ್ಟಿ ಹೊತ್ತು ಬಂದ್ಲು. ಆಕೀನೂ ನಿಂತು ಕೇಳಿದ್ಲು. ಬೈತಾಳ, ಪದಕ ಬಿಚ್ಚಿದ್ದಕ್ಕ ಬಡೀತಾಳ ಅಂತ ನಾ ಎದ್ದು ನಿಂತೆ. ಆಕಿ ಬುಟ್ಟಿ ಇಳಿಸಿ ಸೊಸಿ ಮಾರಿ ಹತ್ತಿರ ಮಾರಿ ಒಯ್ದು ಕೇಳಿದ್ಲು:

"ಬಂದೇನ ಯವ್ವಾ?"

ಬಾಜೂ ಮನಿಯಾಕಿ ಪುಸ್ತಕ ಮುಚ್ಚಿ ನಮ್ಮನ್ನೆಲ್ಲಾ ನೋಡಿದ್ಲು, ಈಗ ನಿದ್ದಿಯಿಂದ ಎದ್ದಾಕಿ ಹಂಗ. ಅತ್ತಿ ಪದಕ ಎತ್ತಿ ತನ್ನ ಸೆರಗಿನ ತುದಿಗೆ ಗಂಟು ಹಾಕ್ಕೊಂಡ್ಲು.

ಆಮ್ಯಾಲ ತಾವರಗೇರಾಕ್ಕ ಕಳಿಸೂ ಮಾತು ಆ ಮನ್ಯಾಗ ಬರಲಿಲ್ಲ. ಉಪಚಾರ ಸುರುವಾತು. ಗಂಡ ಹೂವು ತರತಿದ್ದ, ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಹೊಸಾ ಕಾದಂಬರಿ ತರತಿದ್ದ. ರಜಾ ಹಾಕಿ ಮಧ್ಯಾಹ್ನ ಎದುರಿಗೆ ಕುಂತು ಓದಿಸತಿದ್ದ. ಓಣಿ ಮಂದಿ, ಈಕಿ ನಸೀಬು ತೆರೀತು ಅಂದ್ರು. ಆಕಿ ನನ್ನ ಕರಿಯೂದು ಬಿಟ್ಲು. ಕರದಿದ್ರೂ ನಾ ಹೋಗತಿರಲಿಲ್ಲ. ಆಕಿ ಮೈ ಇಳದು ಹೋತು. ಪದಕ ಕೊಡ್ರಿ ಅಂತ ಅತ್ತಿ ಕಾಲ ಹಿಡದ್ಲಂತ. ಆ ಮುದುಕಿ, ಈಗ ಅದ್ಯಾಕ ಬೇಕು, ಅಂದ್ಲಂತ. ಇದನ್ನೆಲ್ಲಾ ನಳದ ಹತ್ತಿರ ನೀರು ತುಂಬೂ ಮುಂದ ನನಗ ಹೇಳಿದ್ಲು. ಅವರು ನನ್ನ ಕೂಡ ನಗತಾರ ಯಕ್ಕಾ, ಆದ್ರ ಕರಿಯೂದು ಆಕಿ ಹೆಸರಿಲೆ, ಅಂದ್ಲು.

ದೀಪಾವಳಿ ಇನ್ನೂ ಬಂದಿರಲಿಲ್ಲ. ಒಂದು ಮುಂಜಾನೆ ನಮ್ಮ ಬಾಗಿಲಿಗೆ ಬಂದು ನಿಂತ್ಲು. ಕೈಯಾಗ ಒಂದು ಅರಿವಿ ಗಂಟು. ಒಳಗ ಬಾ, ಚಾ ಕುಡಿ ಅಂದೆ, ಬರಲಿಲ್ಲ. ಎಲ್ಲಿಗೆ ಹೊಂಟಿ, ಅಣ್ಣನ ಹೆಂಡತಿ ಒಳಗ ಕರಕೊಳ್ಳಂಗಿಲ್ಲ, ಇಲ್ಲಿ ಉಂಡುಟ್ಟು ಇದ್ದೀ, ಇರು ಅಂದೆ.

"ಅವರಿಗೆ ಬೇಕಾದಾಕಿ ಬಂದಾಳ ಯಕ್ಕಾ. ನಡುವ ನಾ ಯಾಕ?"

ಅಷ್ಟ ಅಂದು ಬಸ್ ಸ್ಟ್ಯಾಂಡ್ ಕಡೆ ನಡದ್ಲು. ಪುಸ್ತಕ ಒಂದೂ ಒಯ್ಯಲಿಲ್ಲ. ತಾಳಿ ಕೊರಳಾಗ ಇತ್ತೋ ಇಲ್ಲೋ ನಾ ನೋಡಲಿಲ್ಲ.

ಗಂಡ ಕರಿಯಾಕ ಹೋಗಲಿಲ್ಲ. ಮತ್ತೊಂದು ಮದುವೀನೂ ಆಗಲಿಲ್ಲ. ಅವ ಡ್ಯೂಟಿಗೆ ಹೋದ ಮ್ಯಾಲ ಮುದುಕಿ ಒಬ್ಬಾಕೀನ ಇರತಿದ್ಲು, ಆಕಿಗೆ ಒಂದಕ್ಷರ ಬರತಿರಲಿಲ್ಲ. ಆದ್ರೂ ನಾ ಮಧ್ಯಾಹ್ನ ಹಿತ್ತಲದಾಗ ಭಾಂಡಿ ತಿಕ್ಕುವಾಗ ನಡುಗ್ವಾಡಿ ಆಚಿ ಕಡಿಂದ ಯಾರೋ ಓದಿದಂಗ ಕೇಳಿಸತಿತ್ತು. ಸಾಲಿನ ಕಡೀಗೆ ಒಂದೀಟು ಎಳದು... ಸುಳ್ಳು ಹೇಳಿ ನನಗೇನು ಸಿಗಬೇಕಾಗೇತಿ. ಯಾರಿಗೂ ಹೇಳಲಿಲ್ಲ, ಭಾಂಡಿ ಮುಂಬಾಗಿಲಿಗೆ ತಂದು ತಿಕ್ಕಾಕ ಸುರು ಮಾಡಿದೆ. ಮುಂದ ಅವರು ಮನಿ ಬಿಟ್ಟು ಹೋದ್ರು, ನಾವೂ ಬಿಟ್ವಿ.

ಆಕಿ ತಾವರಗೇರಾದಾಗ ಒಂದು ಬಾಡಿಗಿ ಖೋಲಿ ಹಿಡದು, ಅಂಗನವಾಡ್ಯಾಗ ಮಕ್ಕಳಿಗೆ ಅಡಗಿ ಮಾಡಿ ಹಾಕಿಕೋತ ಇದ್ಲು. ಭಾಳ ವರ್ಷದ ಮ್ಯಾಲ ಒಮ್ಮೆ ಸಂತ್ಯಾಗ ಸಿಕ್ಕಿದ್ಲು. ತೆಲಿ ಬೆಳ್ಳಗಾಗಿತ್ತು, ಮೈ ತುಂಬಿತ್ತು. ಏನರ ಓದತಿಯೇನ ಅಂತ ಕೇಳಿದೆ. ಭಜಿ ಕಟ್ಟಿಕೊಟ್ಟ ಪೇಪರನೂ ಓದಂಗಿಲ್ಲ ಯಕ್ಕಾ ಅಂತ ನಕ್ಕಳು. ಸಂತಿ ಮಂದಿ ತಿರುಗಿ ನೋಡಿದ್ರು, ಅಷ್ಟು ಜೋರು. ಅದು ಆಕೀದ ನಗು. ಬ್ಯಾರೇದಾಕೀದಲ್ಲ.

ಹ್ವಾದ ವರ್ಷ ಸತ್ಲು ಅಂತ ಸುದ್ದಿ ಬಂತು. ಮಣ್ಣಿಗೆ ಹೋಗಾಕಾಗಲಿಲ್ಲ, ನನ್ನ ಮೊಣಕಾಲು ಏಳಗೊಡಂಗಿಲ್ಲ. ಮದುವಿ ಮಾಡಿ ಕೊಟ್ಟ ಹೆಣ್ಣು ಅಂತ ಅಣ್ಣನ ಮಂದಿ ಆಕಿ ಹೆಸರಿಲೆ ಎಲಿ ಹಾಕಂಗಿಲ್ಲಂತ. ಗಂಡನ ಮನಿ ಎಲ್ಲೈತೋ ಯಾರಿಗೂ ಗೊತ್ತಿಲ್ಲ. ಎರಡೂ ಕಡೆ ಆಕಿಗೆ ಜಾಗ ಇಲ್ಲ. ಸತ್ತ ಮ್ಯಾಲನೂ ಇಲ್ಲ.

ಈ ಸಲ ಮಾನಮಿ ಅಮಾಸಿಗೆ ನಮ್ಮ ಮನ್ಯಾಗ ಎಲಿ ಹಾಕುವಾಗ, ಇನ್ನೊಂದು ಹಾಕು ಅಂತ ಸೊಸಿಗೆ ಹೇಳಿದೆ. ಯಾರಿಗ್ರಿ ಅತ್ತಿ ಅಂದ್ಲು. ಹೇಳಿದೆ. ಆಕಿ ನಮಗೇನಾಗಬೇಕ್ರಿ, ಕುಲ ಅಲ್ಲ, ಬಳ್ಳಿ ಅಲ್ಲ, ಅಂದ್ಲು.

ಏನೂ ಆಗಬೇಕಾಗಿಲ್ಲ, ಹಾಕು ಅಂದೆ. ಹಾಕಿದ್ಲು. ಆಕಿ ಎಲಿಗೆ ನಾನ ಮೊದಲ ಬಡಿಸಿದೆ, ಯಾರ ಎಂಜಲೂ ಅಲ್ಲದ್ದನ್ನ.