ಎತ್ತದೆ ಉಳಿದ ಪೊಟ್ಟಣ

ಲಾಳಿಯ ಹಗ್ಗ ಎಳೆಯುವಾಗಲೆಲ್ಲ ಬಲ ಕಂಕುಳ ಹತ್ತಿರ ಏನೋ ಒತ್ತುತ್ತದೆ ಎಂದು ಅಕ್ಕ ನನಗೆ ಹೇಳುವ ಹೊತ್ತಿಗೆ ಅದು ಒತ್ತತೊಡಗಿ ಬಹಳ ಕಾಲವಾಗಿತ್ತು. ತಮಿಳುನಾಡಿನ ತಾರಮಂಗಲಂನ ಅವಳ ಮನೆಯಲ್ಲಿ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಅವಳು ಸೆರಗು ಸರಿಸಿ ನನ್ನ ಬೆರಳನ್ನು ಎದೆಯ ಮೇಲಿಟ್ಟಳು. ಗಂಟು ಗಟ್ಟಿಯಾಗಿತ್ತು, ಅಲುಗಲಿಲ್ಲ.

ಸೇಲಂನ ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಕ್ಯಾನ್ಸರ್ ಎಂದರು, ಸ್ತನವನ್ನು ತೆಗೆಯಬೇಕು, ತಡ ಮಾಡಬೇಡಿ ಎಂದರು. ನಾನು ಹೆದರಿದಾಗ ತಪ್ಪುಗಳನ್ನು ಹೆಸರಿಸಿ ಹೇಳಲು ತೊಡಗುವವಳು. ಆ ದಿನ ಬಸ್ಸಿನಲ್ಲಿ ಮನಸ್ಸಿನಲ್ಲೇ ಎಲ್ಲವನ್ನೂ ಹೆಸರಿಸಿದೆ. ಹೆಣ್ಣು ತನ್ನ ಎದೆಯ ನೋವನ್ನು ಬಾಯಿಬಿಟ್ಟು ಹೇಳಬಾರದೆಂಬ ನಮ್ಮ ಕನ್ನಡ ನೇಕಾರ ಮನೆತನಗಳ ಮರ್ಯಾದೆ ಒಂದು ತಪ್ಪು. ಮೊದಲ ಸಲ ತೋರಿಸಲು ಹೋದಾಗ ಊರಿನ ಡಾಕ್ಟರು ಮುಟ್ಟಿಯೂ ನೋಡದೆ ಮುಲಾಮು ಕೊಟ್ಟು ಕಳಿಸಿದ್ದು ಇನ್ನೊಂದು. ಮನೆಗಳ ಹಿಂದಿನ ಚರಂಡಿಯಲ್ಲಿ ಒಂದು ದಿನ ಕೆಂಪಾಗಿ, ಒಂದು ದಿನ ನೀಲಿಯಾಗಿ ಹರಿಯುವ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಗಳ ನೀರು ಮತ್ತೊಂದು. ಅದರ ವಿರುದ್ಧ ಅರ್ಜಿ ಹಿಡಿದು ಅಲೆದವರಲ್ಲಿ ನಾನೂ ಒಬ್ಬಳು. ಆ ನೀರಿಗೂ ಈ ಗಂಟಿಗೂ ಸಂಬಂಧವಿದೆಯೆಂದು ಸಾಬೀತು ಮಾಡಲು ನನ್ನಿಂದ ಆಗದು, ಇಲ್ಲವೆಂದು ಯಾರೂ ಪರೀಕ್ಷಿಸಿ ನೋಡಿಯೂ ಇಲ್ಲ.

ಅಕ್ಕ ಕಿಟಕಿಯಾಚೆ ನೋಡುತ್ತಿದ್ದವಳು, "ಯೇಸಪ್ಪನ್ನ ಕೇಳ್ಬೇಕು," ಎಂದಳು.

ಭಾವ ತೀರಿಕೊಂಡ ಮೇಲೆ ನಮ್ಮ ಜನ ಅವಳನ್ನು ಮದುವೆಯ ಮನೆಗಳಿಂದ ದೂರವಿಟ್ಟರು. ಅವಳ ಕೈಯಿಂದ ಕುಂಕುಮ ತೆಗೆದುಕೊಳ್ಳಲು ಸ್ವಂತ ಸೋದರತ್ತೆಯೇ ಒಪ್ಪಲಿಲ್ಲ. ಆಗ ಬಾಗಿಲಿಗೆ ಬಂದು, ಕೈ ಹಿಡಿದು, ತಮ್ಮ ನಡುವೆ ಕೂರಿಸಿಕೊಂಡವರು ಜೆಬದ ಮನೆಯ, ಎಂದರೆ ಕ್ರೈಸ್ತರ ಪ್ರಾರ್ಥನೆಯ ಮನೆಯ, ಹೆಂಗಸರು. ಆದ್ದರಿಂದ ಅವಳು ಅಲ್ಲಿಗೆ ಹೋದದ್ದನ್ನು ನಾನು ಎಂದೂ ಹಳಿದಿಲ್ಲ. ಆದರೆ ಪ್ರಶ್ನೆ ಕೇಳದ ಮಗುವಿಗೆ ಊಟವಿಲ್ಲ ಎಂದು ಗುರುಗಳು ತಮಾಷೆ ಮಾಡುತ್ತಿದ್ದ ಧರ್ಮಪುರಿ ಕಡೆಯ ಒಂದು ಶಾಲೆಯಲ್ಲಿ ಬೆಳೆದವಳು ನಾನು. ಅವಳ ದೇವರ ಬಳಿಯೂ ನನಗೆ ಕೇಳುವುದಿತ್ತು, ಹಿಂದೆಂದಿಗಿಂತ ಈಗ ಹೆಚ್ಚಾಗಿ.

ಮಾರನೆಯ ದಿನ ಅವಳ ಪಾಸ್ಟರ್ ಬಂದರು. ಮೇಟೂರು ಕಡೆಯ ಕನ್ನಡದ ಬೇಸಾಯಗಾರರ ಮನೆಯಲ್ಲಿ ಹುಟ್ಟಿ, ಯೌವನದಲ್ಲಿ ಕ್ರೈಸ್ತರಾದವರು. ಮೃದು ಮನುಷ್ಯ. ಮಗ್ಗದ ಪಕ್ಕದ ಚಾಪೆಯ ಮೇಲೆ ಕೂತು ಚಹಾ ಆರಿಸುತ್ತಿದ್ದರು. ನಾನು ತಡೆಯಲಾರದೆ ಕೇಳಿದೆ.

"ನಿಮ್ ದೇವ್ರು ಒಳ್ಳೇವ್ನು, ಎಲ್ಲಾ ಬಲ್ಲೋನು, ಎಲ್ಲಾ ಮಾಡಬಲ್ಲೋನು ಅಂತೀರಲ್ಲ. ಅಂಗಾದ್ರೆ ಇವ್ಳ ಎದೇಲಿ ಗಂಟು ಯಾಕೈತೆ?"

"ನೋವು ಅವ್ನು ಕೊಟ್ಟಿದ್ದಲ್ಲ ತಂಗಚ್ಚಿ," ಎಂದರು ಪಾಸ್ಟರ್. "ಮನುಸಂಗೆ ಸ್ವಂತ ಇಷ್ಟ ಅಂತ ಒಂದು ಕೊಟ್ಟವ್ನೆ. ಒಳ್ಳೇದೂ ಮಾಡ್ಬೋದು, ಕೆಟ್ಟದ್ದೂ ಮಾಡ್ಬೋದು. ಬೊಂಬೆಗಳ್ನ ಮಾಡಿ ಕುಣ್ಸಿದ್ರೆ ಅದ್ರಾಗೆ ಪ್ರೀತಿ ಎಲ್ಲಿಂದ ಬರ್ತೈತೆ? ಅವ್ನು ಯಾರ್ನೂ ಬಲವಂತ ಮಾಡಾಕಿಲ್ಲ."

"ಬಣ್ಣದ ನೀರು ಬುಡೋನಿಗೆ ಸ್ವಂತ ಇಷ್ಟ. ಅದ್ರ ಪಕ್ದಾಗೆ ಬದುಕೋಳಿಗೆ ಗಂಟು. ಇದ್ಯಾವ ನ್ಯಾಯ? ಒಬ್ಬನ ಇಷ್ಟಕ್ಕೆ ಇನ್ನೊಬ್ಬಳ ಮೈ ಯಾಕೆ ಸಾಯ್ಬೇಕು? ಇನ್ನ ಕೂಸುಗಳ್ಗೂ ಈ ಕಾಯಿಲೆ ಬರ್ತೈತಲ್ಲ, ಅವು ಏನು ಕೆಟ್ಟದ್ದು ಮಾಡಿದ್ವು?"

ಅವರು ಲೋಟವನ್ನು ಚಾಪೆಯ ಮೇಲಿಟ್ಟರು. "ತೆರಿಯಲ ತಂಗಚ್ಚಿ. ಕೂಸುಗಳ ವಿಸ್ಯ ನಂಗೂ ಗೊತ್ತಿಲ್ಲ. ನೋವು ಪಡೋರ ಪಕ್ಕದಾಗೆ ಅವ್ನೂ ನೋವು ಪಡ್ತಾ ಕುಂತವ್ನೆ. ಅಷ್ಟು ಮಾತ್ರ ನಂಬಿವ್ನಿ."

"ಪಕ್ಕದಾಗೆ ಕುಂತ್ಕೊಳ್ಳೋಕೆ ನಾನಿದ್ದೀನಲ್ಲ. ಗಂಟು ಕರಗ್ಸೋ ಶಕ್ತಿ ಇರೋನು ಬರೀ ಕುಂತ್ರೆ ಎಂಗೆ?"

ಅಕ್ಕ ಮಗ್ಗದಿಂದ ತಲೆ ಎತ್ತಿದಳು. "ಮುಗೀತಾ ನಿಮ್ ವಾದ, ನಿಮ್ ಪಟ್ಟಿಮಂಡ್ರಂ? ದೀಪಾವಳಿಗೆ ಟಿವಿಯೋರು ಕರೀತಾರೆ, ಇಬ್ರೂ ಓಗಿ ಕುಂತ್ಕಳಿ. ಗಂಟು ನಂದು. ನಾನು ಪೂ ಕೇಳ್ತೀನಿ."

ಪಾಸ್ಟರ್ ಚಾಪೆಯಿಂದ ಅರ್ಧ ಎದ್ದರು. ಪೂ ಕೇಳುವುದೆಂದರೆ ಹೂ ಕೇಳುವುದು, ನಮ್ಮ ಕಡೆಯ ಹಳೆಯ ರೂಢಿ. ಹೆಣ್ಣು ನೋಡುವ ಮೊದಲು, ಬಾವಿ ತೋಡುವ ಮೊದಲು, ಕುಲದೇವತೆಯ ಮುಂದೆ ಎರಡು ಪೊಟ್ಟಣ ಇಡುತ್ತಾರೆ. ಒಂದರಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು. ಮನೆಯವರಲ್ಲದವರು ಮರೆಯಲ್ಲಿ ಕಟ್ಟಬೇಕು. ಕೇಳುವವರು ಒಂದನ್ನು ಎತ್ತಬೇಕು. ಬಿಳಿ ಬಂದರೆ ಸಮ್ಮತಿ, ಕೆಂಪು ಬಂದರೆ ಬೇಡ. ಎತ್ತದೆ ಉಳಿದದ್ದನ್ನು ಬಿಚ್ಚದೆ ನೀರಿಗೆ ಬಿಡಬೇಕು. ಅಕ್ಕ ಕುಲದೇವತೆಯನ್ನು ಬಿಟ್ಟು ಬಂದಿದ್ದಳು, ಈ ರೂಢಿ ಮಾತ್ರ ಅವಳ ಹಿಂದೆಯೇ ಬಂದಿತ್ತು.

"ಅದು ನಮ್ ವಳಿ, ನಮ್ ದಾರಿ ಅಲ್ಲಕ್ಕ," ಎಂದರು ಪಾಸ್ಟರ್. "ಜೆಬ ಮಾಡಾಣ. ಆಪರೇಸನ್ ಮಾಡ್ಸ್ಕೊಳ್ಳಿ."

"ಜೆಬದಾಗೆ ಅವ್ನು ಮಾತಾಡಿದ್ದು ನಿಮಗೆ ಕೇಳ್ತೈತೆ ಪಾಸ್ಟ್ರೇ, ನಂಗೆ ಕೇಳಾಕಿಲ್ಲ. ಹೂವಾದ್ರೆ ಕಣ್ಣಿಗೆ ಕಾಣ್ತೈತೆ. ಕೆಂಪು ಬಂದ್ರೆ ನಾನು ಓಗಾಕಿಲ್ಲ. ಕಟ್ಟೋದಾದ್ರೆ ಕಟ್ಟಿ, ಇಲ್ಲಾಂದ್ರೆ ಪಕ್ಕದ ಮನೆಯೋಳ್ನ ಕರೀತೀನಿ."

ಆಯ್ಕೆ, ಇಚ್ಛೆ, ಸ್ವಾತಂತ್ರ್ಯ ಎಂದು ಅಷ್ಟು ಹೊತ್ತು ಆಡಿದ ಮಾತೆಲ್ಲ ಈಗ ಎರಡು ಹೂಗಳ ಮೇಲೆ ನಿಂತಿತ್ತು. ಇದು ಮೌಢ್ಯ, ಇದು ನಿನ್ನ ಜೀವ ಎಂದು ಕೂಗಿದೆ. ಅವಳು ಹಗ್ಗ ಎಳೆದಳು, ಲಾಳಿ ಓಡಿತು, ನನ್ನ ಕೂಗು ಮುಳುಗಿತು.

ಪಾಸ್ಟರ್ ಕೊನೆಗೆ ಒಪ್ಪಿ, ಹಿತ್ತಲಲ್ಲಿ ಹೂ ಕೊಯ್ದು, ಒಳಕೋಣೆಗೆ ಹೋಗಿ ಬಾಳೆಲೆಯ ತುಂಡಿನಲ್ಲಿ ಎರಡು ಪೊಟ್ಟಣ ಕಟ್ಟಿ ತಂದರು. ತೆರೆದ ಬೈಬಲಿನ ಮುಂದೆ ಇಟ್ಟರು. ಅಕ್ಕ ಕಣ್ಣು ಮುಚ್ಚಿದಳು. ಅವಳ ಕೈ ಒಂದರ ಮೇಲೆ ಹೋಯಿತು, ಹಿಂದೆ ಬಂತು, ಇನ್ನೊಂದನ್ನು ಎತ್ತಿತು. ನಾರು ಬಿಚ್ಚಿದಳು. ಬಿಳಿ ನಂದಿಬಟ್ಟಲು.

"ಸ್ತೋತ್ರಂ!" ಎಂದು ಅಕ್ಕ ಅತ್ತಳು. ನಾನೂ ಅತ್ತೆ.

ಉಳಿದದ್ದನ್ನು ಕೆರೆಗೆ ಬಿಡಲು ನನ್ನ ಕೈಗೆ ಕೊಟ್ಟಳು. ರೂಢಿಯಲ್ಲಿ ನಂಬಿಕೆಯಿದ್ದವರು ಅದನ್ನು ಬಿಚ್ಚುತ್ತಿರಲಿಲ್ಲ. ನಾನು ನಂಬದವಳು, ಕೆರೆಯ ಮೆಟ್ಟಿಲಲ್ಲಿ ಬಿಚ್ಚಿದೆ. ಅದರಲ್ಲೂ ಬಿಳಿ ನಂದಿಬಟ್ಟಲೇ ಇತ್ತು.

ಕೆರೆಯ ಎದುರಿನ ಬೀದಿಯಲ್ಲಿ ಪಾಸ್ಟರ್ ಬೈಕ್ ತಿರುಗಿಸುತ್ತಿದ್ದರು. ನಾನು ಎಲೆ ಬಿಚ್ಚಿ ತೋರಿಸಿದೆ. ಅವರು ನಿರಾಕರಿಸಲಿಲ್ಲ.

"ದೇವ್ರು ಬಲವಂತ ಮಾಡಾಕಿಲ್ಲ ಅಂದ್ರಲ್ಲ. ನೀವು ಮಾಡಿದ್ದೇನು?"

"ಕೆಂಪು ಬಂದಿದ್ರೆ?" ಎಂದರು. "ಅಕ್ಕನ್ನ ಮಣ್ಣು ಮಾಡೋಕೂ ನಾನೇ ಬರ್ಬೇಕಾಗಿತ್ತು. ಬಯ ಆಯ್ತು ತಂಗಚ್ಚಿ. ಅವ್ನ ಕೈಗೆ ಬುಡೋಕೆ ಆಗ್ಲಿಲ್ಲ."

ಯಾವ ಸುಳ್ಳನ್ನು ಕಂಡರೂ ಸಭೆಯಲ್ಲಿ ಎದ್ದು ನಿಂತು ಹೇಳುವವಳು, ಆ ಎಲೆಯನ್ನು ಮಡಚಿ ನೀರಿಗೆ ಬಿಟ್ಟು ಮನೆಗೆ ಬಂದೆ.

ಆಸ್ಪತ್ರೆಗೆ ಸೇರಿಸಿದ ಮಧ್ಯಾಹ್ನ ಅಕ್ಕ ಹಾಸಿಗೆಯ ಮೇಲೆ ಮಂಡಿ ಮಡಚಿ ಕೂತು, ಪಕ್ಕದ ಹಾಸಿಗೆಯ ಹೆಂಗಸಿಗೆ ತಮಿಳಿನಲ್ಲಿ ತನ್ನ ಹೂವಿನ ಕತೆ ಹೇಳುತ್ತಿದ್ದಳು. ನಂತರ ನನ್ನತ್ತ ತಿರುಗಿ, "ಅವ್ನೇ ವಾಕ್ಕು ಕೊಟ್ಟವ್ನೆ. ಇನ್ನ ನಂಗೇನೂ ಆಗಾಕಿಲ್ಲ ಲೇ," ಎಂದಳು. ಅವಳ ಮುಖದಲ್ಲಿ ನೆಮ್ಮದಿಯಿತ್ತು. ಕಾಯಿಲೆ ಮರಳಿ ಬಂದರೆ, ಅಥವಾ ಅವಳು ಕಣ್ಣೇ ತೆರೆಯದಿದ್ದರೆ, ಯಾರೂ ಕೊಡದ ಮಾತನ್ನು ನಂಬಿಕೊಂಡು ಒಳಗೆ ಹೋದವಳಾಗುತ್ತಾಳೆ. ಅವಳ ದೇಹ ಕತ್ತರಿಸುವ ನಿರ್ಧಾರವನ್ನು ಅವಳನ್ನು ಬಿಟ್ಟು ಉಳಿದ ಇಬ್ಬರು ತೆಗೆದುಕೊಂಡಂತಾಗುತ್ತದೆ. ಹೇಳಿದರೆ ಅವಳು ಎದ್ದು ಹೋಗಬಹುದು. ಎರಡು ಭಯಗಳ ನಡುವೆ ನಾನು ವರಾಂಡದಲ್ಲಿ ಅತ್ತಿಂದಿತ್ತ ನಡೆದೆ. ಕೊನೆಗೆ ಅವಳನ್ನು ಹೊರಗೆ ಕರೆದು, ಎರಡೂ ಪೊಟ್ಟಣದಲ್ಲಿ ಬಿಳಿಯೇ ಇತ್ತೆಂದು ಹೇಳಿದೆ.

ಅಕ್ಕ ನನ್ನ ಕೈ ಕೊಡವಿದಳು. "ಆ ಮನುಸ ನನ್ನ ಏಮಾರ್ಸ್ಬುಟ್ನಾ?" ಒಳಗೆ ಹೋಗಿ ತನ್ನ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಗೇಟಿನತ್ತ ನಡೆದಳು. ನಾನು ಹಿಂದೆ ಹೋದೆ. ಅವಳ ರಟ್ಟೆ ಹಿಡಿದು ಎಳೆಯಬೇಕೆಂದು ಕೈ ಚಾಚಿದೆ. ಹಿಡಿಯಲಿಲ್ಲ. ಬದುಕಿನಲ್ಲಿ ನಾನು ಅಷ್ಟು ಹೆದರಿದ್ದಿಲ್ಲ.

ಬೇವಿನ ಮರದ ಕಟ್ಟೆಯ ಬಳಿ ಅವಳು ಕೂತುಬಿಟ್ಟಳು.

"ನೀನ್ಯಾಕೆ ಏಳ್ದೆ? ಏಳ್ದಿದ್ರೆ ನಗ್ತಾ ಒಳಕ್ಕೋಗಿರ್ತಿದ್ದೆ. ಈಗ ಅವ್ನೂ ಏನೂ ಏಳ್ಲಿಲ್ಲ ಅಂತಾಯ್ತು. ನಿಂಗಂತೂ ದೇವ್ರೇ ಇಲ್ಲ. ನಾನು ಯಾರ್ನ ಕೇಳ್ಲಿ?"

ಡಾಕ್ಟರು ಹೇಳಿದ್ದನ್ನು ಒಂದೊಂದಾಗಿ ಮತ್ತೆ ಹೇಳಿದೆ, ಅಪಾಯವನ್ನೂ ಮುಚ್ಚಿಡದೆ. ಅವಳು ತಲೆ ತಗ್ಗಿಸಿ ಕೇಳಿದಳು. ಬಲಗೈಯಿಂದ ಹಗ್ಗ ಎಳೆಯಲಾಗುವುದೇ ಎಂದು ಕೇಳಿದಳು. ಕೆಲವು ಕಾಲ ಆಗದು, ಆಮೇಲೂ ಗೊತ್ತಿಲ್ಲ ಎಂದೆ. ರೋಗಿಗಳನ್ನು ನೋಡುವ ಹೊತ್ತು ಮುಗಿದು ಜನ ಹೊರಗೆ ಹೋಗತೊಡಗಿದರೂ ಅವಳು ಕದಲಲಿಲ್ಲ. ಆಮೇಲೆ ನನ್ನ ಫೋನ್ ಕಸಿದುಕೊಂಡಳು.

"ಪಾಸ್ಟ್ರೇ, ನಾನು. ತಂಗಚ್ಚಿ ಎಲ್ಲಾ ಏಳವ್ಳೆ. ಸ್ತೋತ್ರಂ ಗೀತ್ರಂ ಆಮ್ಯಾಕೆ ಏಳಿ, ಮೊದ್ಲು ಕೇಳಿ. ಇನ್ನೊಂದ್ಸಲ ನನ್ ಮುಂದೆ ಪೊಟ್ಲ ಗಿಟ್ಲ ಕಟ್ಟಿದ್ರೆ ಆ ಬಾಳೆಲೆ ನಾರಲ್ಲೇ ನಿಮ್ಮನ್ನೂ ಕಟ್ಟಾಕ್ತೀನಿ. ನಾಳೆ ನಾನು ಒಳಕ್ಕೋಗ್ತೀನಿ. ಯಾರೂ ಏಳ್ಲಿಲ್ಲ, ನಾನೇ ಓಗ್ತಿರೋದು. ಬೆಳಗ್ಗೆ ಬಂದು ಬಾಗ್ಲಾಚೆ ನಿಂತ್ಕೊಂಡು ಜೆಬ ಮಾಡಿ. ಕಂಡಿಪ್ಪಾ, ತಪ್ದೆ ಬರ್ಬೇಕು."

ಫೋನ್ ನನ್ನ ಮಡಿಲಿಗೆ ಹಾಕಿದಳು. ಆಗ ನೋಡಿದೆ, ಅವಳ ಮುಖದಲ್ಲಿ ಮಧ್ಯಾಹ್ನದ ನೆಮ್ಮದಿಯ ಗುರುತೂ ಇರಲಿಲ್ಲ. ಅವಳೂ ನನ್ನಷ್ಟೇ ಹೆದರಿದ್ದಳು. "ಕೈ ಕೊಡು ಲೇ, ಕಾಲು ಜೋಮು ಹಿಡ್ದೈತೆ," ಎಂದಳು.

ಬೆಳಿಗ್ಗೆ ಅವಳನ್ನು ತಳ್ಳುಗಾಡಿಯಲ್ಲಿ ಕರೆದುಕೊಂಡು ಹೋದಾಗ ಪಾಸ್ಟರ್ ಗೋಡೆಗೆ ಮುಖ ಮಾಡಿ ಜೆಬ ಶುರು ಮಾಡಿದರು. ಅವರ ಪಕ್ಕದ ಬೆಂಚಿನಲ್ಲಿ ನಾನು ಕೂತೆ. ಅವರಿಗೆ ಬೇಡಿಕೊಳ್ಳಲು ಒಬ್ಬನಿದ್ದ, ನನಗೆ ಯಾರೂ ಇರಲಿಲ್ಲ. ಆದರೂ ಬಾಗಿಲು ಅಲುಗಿದಾಗಲೆಲ್ಲ ಇಬ್ಬರೂ ಒಟ್ಟಿಗೇ ಬೆಚ್ಚುತ್ತಿದ್ದೆವು.

ಅಕ್ಕ ಕಣ್ಣು ತೆರೆದಳು. ಬಲಗೈ ಇನ್ನೂ ಭುಜದೆತ್ತರಕ್ಕೆ ಏಳುವುದಿಲ್ಲ, ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿದೆ. ಮುಂದಿನ ಪರೀಕ್ಷೆಗೆ ಹೋಗಬೇಕಾದ ದಿನ ಹತ್ತಿರ ಬಂದಾಗ ನಾನು ಬಸ್ ಹತ್ತಿ ತಾರಮಂಗಲಂಗೆ ಹೋಗುತ್ತೇನೆ. ಬರ್ತೀಯಾ ಎಂದು ಕೇಳುತ್ತೇನೆ, ಪ್ರತಿ ಸಲವೂ. ಅವಳು ಸೀರೆ ಮಡಚುವುದನ್ನೋ ಪಾತ್ರೆ ಬೋರಲು ಹಾಕುವುದನ್ನೋ ಮುಗಿಸುವವರೆಗೆ ನಾನು ಉತ್ತರಕ್ಕಾಗಿ ಬಾಗಿಲಲ್ಲಿ ನಿಂತಿರುತ್ತೇನೆ. ಇಲ್ಲ ಎನ್ನುವ ಹಕ್ಕು ಅವಳಿಗಿದೆ. ಅದಕ್ಕೇ ನನಗೆ ಭಯ.