ಏಳನೆಯ ಜೋಡಿ

ಇಂದಿರಾನಗರದ ಒಂದು ಲ್ಯಾಬಿನಲ್ಲಿ ರಮ್ಯಶ್ರೀ ಹದಿಮೂರು ವರ್ಷದಿಂದ ವರ್ಣತಂತುಗಳನ್ನು ಎಣಿಸುತ್ತಿದ್ದಳು. ಆಸ್ಪತ್ರೆಗಳಿಂದ ರಕ್ತವೋ ಮೂಳೆಯ ಮಜ್ಜೆಯೋ ಬರುತ್ತಿತ್ತು. ಅದರ ಜೀವಕೋಶಗಳು ಇಬ್ಭಾಗವಾಗುವ ಹೊತ್ತು ನೋಡಿ ತಡೆದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪಟ್ಟೆಪಟ್ಟೆಯ ನಲವತ್ತಾರು ತುಣುಕುಗಳು, ಇಪ್ಪತ್ಮೂರು ಜೋಡಿ. ಹೆಚ್ಚುಕಡಿಮೆ ಇದ್ದರೆ ಬರೆದು ಕಳಿಸುತ್ತಿದ್ದಳು. ಅದನ್ನು ನೋಡಿ ಡಾಕ್ಟರು ಚಿಕಿತ್ಸೆ ನಿರ್ಧರಿಸುತ್ತಿದ್ದರು. ರೋಗಿಯ ಮುಖ ಅವಳು ಕಂಡವಳಲ್ಲ.

ಅವಳ ಅಪ್ಪ ಮುನಿರಾಜಪ್ಪ ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರ ಪೇಂಟ್ ಸೆಕ್ಷನ್ನಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಅಲ್ಲಿ ಊಟಕ್ಕೆ ಮುಂಚೆ ಕೈ ತೊಳೆಯುತ್ತಿದ್ದದ್ದೂ ಪೇಂಟ್ ತೆಳುಮಾಡುವ ಥಿನ್ನರಿನಲ್ಲೇ. ಅವರ ಅಂಗಿಯ ವಾಸನೆಗೆ ಅಮ್ಮ ಅದನ್ನು ಬೇರೆ ಬಕೀಟಿನಲ್ಲಿ ನೆನೆಹಾಕುತ್ತಿದ್ದಳು. ನಿವೃತ್ತರಾದ ಮೂರನೇ ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಯಿತು, ವಸಡಿನಿಂದ ರಕ್ತ ಜಿನುಗತೊಡಗಿತು. ಆಸ್ಪತ್ರೆಯವರು ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷೆಗೆ ಕಳಿಸಿದರು. ಅದು ಬಂದದ್ದು ರಮ್ಯಶ್ರೀಯ ಲ್ಯಾಬಿಗೇ.

ಲ್ಯಾಬಿನ ಮುಖ್ಯಸ್ಥ ಭಗವಂತರಾಯರು ಇದನ್ನು ಬೇರೆಯವರಿಗೆ ಕೊಡು ಅಂದರು. ಮಜ್ಜೆಯ ವರ್ಣತಂತುಗಳು ಮೊಂಡಾಗಿ, ಮಸುಕಾಗಿ ಬರುತ್ತವೆ. ಅವುಗಳ ಪಟ್ಟೆ ತನ್ನಷ್ಟು ಚೆನ್ನಾಗಿ ಬಿಡಿಸುವವರು ಅಲ್ಲಿ ಯಾರೂ ಇಲ್ಲವೆಂದು ಅವಳು ಹಟ ಹಿಡಿದಳು. ತಾವೂ ಒಮ್ಮೆ ನೋಡುವುದಾಗಿ ಹೇಳಿ ಅವರು ಒಪ್ಪಿದರು.

ಮೊದಲ ಜೀವಕೋಶದಲ್ಲಿ ನಲವತ್ತೈದು. ಏಳನೆಯ ಜೋಡಿಯಲ್ಲಿ ಒಂದೇ ಇತ್ತು. ಹರಡುವಾಗ ಎಲ್ಲೋ ತಪ್ಪಿಹೋಗಿರಬೇಕೆಂದುಕೊಂಡಳು. ಎರಡನೆಯದರಲ್ಲೂ ಒಂದೇ. ಇಪ್ಪತ್ತು ಜೀವಕೋಶ ನೋಡಿದಳು, ಹದಿನೇಳರಲ್ಲಿ ಅದೇ ಕಥೆ. ಇನ್ನೊಂದು ಗಾಜು ಮಾಡಿ ಮತ್ತೆ ಎಣಿಸಿದಳು. ರಕ್ತದ ಕ್ಯಾನ್ಸರಿನಲ್ಲಿ ಏಳನೆಯದು ಹೀಗೆ ಕಳೆದುಹೋದ ರೋಗಿಗಳಿಗೆ ಔಷಧಿ ಹೆಚ್ಚು ದಿನ ಹಿಡಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಭಗವಂತರಾಯರೂ ನೋಡಿ ಸಹಿ ಹಾಕಿದರು.

ಆಸ್ಪತ್ರೆಯಲ್ಲಿ ಡಾಕ್ಟರು, ಚಿಕಿತ್ಸೆ ಶುರು ಮಾಡೋಣ, ನೋಡೋಣ ಅಂದರು. ಅಮ್ಮನಿಗೆ ಅಷ್ಟೇ ಸಾಕಾಯಿತು. ಮುನಿರಾಜಪ್ಪನವರು ಮಾತ್ರ, ಅಮ್ಮ ಕ್ಯಾಂಟೀನಿಗೆ ಹೋದಾಗ, ಮಗಳನ್ನು ಹತ್ತಿರ ಕೂರಿಸಿಕೊಂಡರು.

"ನೀನೇ ನೋಡಿದ್ಯಂತೆ. ಏನಿತ್ತಮ್ಮ?"

"ಚೆನ್ನಾಗಿಲ್ಲಪ್ಪ."

"ಎಷ್ಟು ದಿನ?"

"ವರ್ಷ ಕಷ್ಟ."

ಇದು ಥಿನ್ನರಿನಿಂದ ಬಂದದ್ದಾ ಎಂದು ಅವರು ಕೇಳಿದರು. ಅಂಥ ದ್ರಾವಕ ಉಸಿರಾಡಿದವರಲ್ಲಿ ಇದು ಹೆಚ್ಚು ಕಾಣುತ್ತದೆ, ಆದರೆ ನಿಮಗೆ ಅದರಿಂದಲೇ ಬಂತೆಂದು ಗಾಜು ನೋಡಿ ಹೇಳಲಾಗದು ಎಂದಳು. ಕೈ ತೊಳೆದುಕೊಳ್ಳಲು ಕಾರ್ಖಾನೆಯವರಿಗೆ ಅಷ್ಟು ಸಾಕಲ್ಲ ಎಂದು ನಕ್ಕರು. ಆಮೇಲೆ, ಸೆಕ್ಷನ್ನಿನಲ್ಲಿದ್ದವರಿಗೆಲ್ಲ ರಕ್ತ ತೋರಿಸಿಕೊಳ್ಳಲು ಹೇಳು ಎಂದರು.

ಭಾನುವಾರಗಳಂದು ಅವಳು ದೊಡ್ಡನೆಕ್ಕುಂದಿಯಲ್ಲಿ ಅಪ್ಪನ ಜೊತೆ ದುಡಿದವರ ಮನೆಮನೆಗೆ ಹೋದಳು. ಕೆಲವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು. ಆರು ಜನ ರಕ್ತ ಕೊಟ್ಟರು. ಐದು ಜನರದ್ದು ಸರಿಯಿತ್ತು.

ಮುನಿರಾಜಪ್ಪನವರು ಪರೀಕ್ಷೆಯಾದ ಎಂಟನೇ ತಿಂಗಳಲ್ಲಿ, ಎರಡು ದಿನದ ಜ್ವರಕ್ಕೆ ತೀರಿಕೊಂಡರು. ಕೊನೆಯವರೆಗೂ ಅಮ್ಮನಿಗೆ ಅವರು ಏನೂ ಹೇಳಲಿಲ್ಲ. ಮಗಳಿಗೆ ಮೊದಲೇ ಎಲ್ಲ ಗೊತ್ತಿತ್ತೆಂದು ಆಮೇಲೆ ತಿಳಿದ ಅಮ್ಮ, ಬಾಯಿ ಬಿಡಲಿಲ್ಲವೆಂದು ರಮ್ಯಶ್ರೀಯೊಂದಿಗೆ ಮಾತು ಬಿಟ್ಟಳು.

ರಕ್ತ ಕೊಟ್ಟವರಲ್ಲಿ ಆರನೆಯವರು ಹುಸೇನಪ್ಪ, ಅಪ್ಪನ ಪಕ್ಕದಲ್ಲೇ ನಿಂತು ಪೇಂಟ್ ಹೊಡೆದವರು. ಅವರ ರಕ್ತಕಣಗಳ ಎಣಿಕೆ ತಿಂಗಳು ತಿಂಗಳು ಇಳಿಯುತ್ತ ಹೋಗಿ, ಮಜ್ಜೆ ತೆಗೆಯಬೇಕಾಯಿತು. ಹಿಂದಿನ ದಿನ ಅವರೇ ಲ್ಯಾಬಿನ ಗೇಟಿಗೆ ಬಂದು ಅವಳನ್ನು ಕರೆಸಿದರು.

"ನಂದು ನೀನು ನೋಡ್ಬೇಡಮ್ಮ. ಬೇರೆಯವರು ನೋಡ್ಲಿ."

"ಯಾಕೆ ಮಾವ?"

"ನಿನ್ನ ಮುಖ ನೋಡಿದ್ರೆ ನಂಗೆ ಗೊತ್ತಾಗ್ಬಿಡುತ್ತೆ. ಮಗಳ ಮದುವೆ ಮುಗೀಲಿ."

ಆಗಲಿ ಎಂದಳು. ಮಾರನೆಯ ದಿನ ಮಧ್ಯಾಹ್ನ ಅವರ ಹೆಸರಿನ ಕೊಳವೆ ಬಂತು. ರಮ್ಯಶ್ರೀ ಅದನ್ನು ತೆಗೆದುಕೊಂಡು ಹೋಗಿ ಪಕ್ಕದ ಮೇಜಿನವಳಿಗೆ ಕೊಟ್ಟಳು.